ಮೂರನೇ ಸಾಲು

ದೆವ್ವ, ಪೀಡೆ ಅಂತ ಯಾರಾದರೂ ಬಾಯಿ ತೆಗೆದರೆ "ಸುಮ್ನಿರ್ರಿ, ತಲಿ ಕೆಟ್ಟೈತೇನು" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದವಳು ನಾನು. ಇವತ್ತಿಗೂ ನಂಬುತ್ತೇನೆ ಅನ್ನಲಾರೆ. ಆದರೆ ಸುಮಾರು ಇಪ್ಪತ್ತು ವರ್ಷದ ಹಿಂದೆ ಕೊಟ್ಟೂರಿನ ಒಂದು ಗ್ರಂಥಾಲಯದಲ್ಲಿ, ಹಾಡಹಗಲೇ, ನನ್ನ ಕಣ್ಣಾರೆ ಓದಿದ್ದನ್ನು ಸುಳ್ಳು ಅಂತ ಹೇಗೆ ಹೇಳಲಿ?

ಹಿರೇಹಡಗಲಿಯ ನಮ್ಮ ಅವ್ವ ಬೀಸುವ ಪದ ಹಾಡುವುದರಲ್ಲಿ ಎತ್ತಿದ ಕೈ. ಅಕ್ಷರ ಬಾರದು. ತೊಂಬತ್ತರ ದಶಕದಲ್ಲಿ ಒಬ್ಬ ಕಾಲೇಜು ಮೇಷ್ಟ್ರು ವಾರಗಟ್ಟಲೆ ನಮ್ಮ ಕಟ್ಟೆಯ ಮೇಲೆ ಕೂತು, ನಮ್ಮ ರೊಟ್ಟಿ ತಿಂದು, ಅವಳ ಪದಗಳನ್ನೆಲ್ಲ ಬರೆದುಕೊಂಡ. ನಮ್ಮ ಮನೆಯ ಹೆಂಗಸರದ್ದೊಂದು ಕಟ್ಟುಪಾಡಿತ್ತು. ಮೂರು ಸಾಲಿನ ಪದದಲ್ಲಿ ಹೊರಗಿನವರಿಗೆ ಎರಡೇ ಸಾಲು. ಮೂರನೆಯದು ಮಗಳಿಗೆ, ಅದೂ ಅವಳೊಂದು ಮಗು ಹೆತ್ತ ಮೇಲೆ. "ನಮ್ಮ ಪದ ಇಷ್ಟೇ ನೋಡ್ರಿ ಸರ" ಅಂತ ಅವ್ವ ಅವನನ್ನು ಸಾಗಹಾಕಿದಳು.

ಆ ಪುಣ್ಯಾತ್ಮ ಮೂರನೇ ಸಾಲು ತಾನೇ ಹೊಸೆದು, ಪುಸ್ತಕ ಮಾಡಿ, ಕವಿ ಅಂತ ತನ್ನ ಹೆಸರು ಹಾಕಿಕೊಂಡ. ಶಾಲು, ಹಾರ, ಸನ್ಮಾನ ಎಲ್ಲಾ ಆಯಿತು. ನನ್ನಿಂದ ಪುಸ್ತಕ ಪೂರ್ತಿ ಓದಿಸಿಕೊಂಡ ಅವ್ವ "ನನ್ನ ಹೆಸರು ಎಲ್ಲೈತಿ?" ಅಂತ ಒಂದೇ ಸಲ ಕೇಳಿದಳು. ಆಮೇಲೆ ಹಾಡಲೇ ಇಲ್ಲ. ನನಗೆ ಮಗಳು ಹುಟ್ಟಿದಾಗ ಒಂದೇ ಒಂದು ಪದದ ಮೂರನೇ ಸಾಲು ಹೇಳಿಕೊಟ್ಟಳು. ಉಳಿದದ್ದು ಹೇಳುವ ಮೊದಲೇ ಹೋಗಿಬಿಟ್ಟಳು.

ಎರಡು ವರ್ಷದ ಮೇಲೆ ಮೇಷ್ಟ್ರೂ ಸತ್ತ. ಅವನ ಪುಸ್ತಕ, ಡೈರಿ, ಕಾಗದಪತ್ರ ಎಲ್ಲವನ್ನೂ ಮನೆಯವರು ಆ ಗ್ರಂಥಾಲಯಕ್ಕೆ ಕೊಟ್ಟರು. ಸುದ್ದಿ ಕೇಳಿ ಖುಷಿಯಾಯಿತು, ಮುಚ್ಚುಮರೆ ಯಾಕೆ! ಅವ್ವನ ಪದ ಬರೆದುಕೊಂಡ ಮೂಲ ನೋಟ್‌ಬುಕ್ಕಿನಲ್ಲಿ ಎರಡೆರಡೇ ಸಾಲು ಇರಬೇಕು. ಅದನ್ನು ನಾಲ್ಕು ಮಂದಿಗೆ ತೋರಿಸಿ, ಸತ್ತವನ ಮಾನ ಹರಾಜು ಹಾಕಬೇಕು ಅಂತಲೇ ಹೊರಟೆ.

ಮೂರು ಬೀರು ತುಂಬ ಅವನದೇ ಸಾಮಾನು. ಗೋಡೆಯ ಮೇಲೆ ಹಾರ ಹಾಕಿದ ಫೋಟೊ. ಗ್ರಂಥಪಾಲಕರು ಬೀಗ ತೆಗೆದು, "ಇದನ್ನ ಕೇಳ್ಕೆಂಡು ಬಂದೋರು ನೀವೇ ಮೊದಲ್ನೇರು ನೋಡ್ರಿ" ಅಂದರು. ಮಧ್ಯಾಹ್ನದ ಹೊತ್ತಿಗೆ ನೋಟ್‌ಬುಕ್ಕು ಸಿಕ್ಕಿತು. ಎರಡೆರಡೇ ಸಾಲು. ಸಿಕ್ಕಿಬಿದ್ದೆಲ್ಲೋ ಕಳ್ಳ, ಅಂದುಕೊಂಡೆ.

ಅದರ ಜೊತೆ ಕಟ್ಟಿಟ್ಟಿದ್ದ ಡೈರಿಯನ್ನೂ ಬಿಡಿಸಿದೆ. "ಆಕೆ ಇವತ್ತೂ ಬಂದಿದ್ದಳು. ಬರಕೊಳ್ರಿ ಸರ ಅಂದಳು." ಕೆಳಗೊಂದು ಮೂರನೇ ಸಾಲು. ಮರುದಿನ ಮತ್ತೊಂದು. ತಾರೀಖು ನೋಡಿದರೆ ಅವ್ವ ತೀರಿಕೊಂಡು ಆರು ತಿಂಗಳಾದ ಮೇಲಿನದು! ಪುಟ ಹೋದಂತೆಲ್ಲ ಅಕ್ಷರ ಸೊಟ್ಟ. "ನಿದ್ದೆ ಇಲ್ಲ. ಸಾಕು ಅಂದರೂ ಬಿಡುವುದಿಲ್ಲ. ನಿನ್ನ ಹೆಸರು ಹಾಕಿಸುತ್ತೇನೆ ಅಂದರೆ ನಗುತ್ತಾಳೆ." ಇನ್ನೊಂದು ಪುಟದಲ್ಲಿ ನನಗೆ ಹೇಳಿಕೊಟ್ಟಿದ್ದ ಸಾಲೂ ಇತ್ತು: "ಕಲ್ಲೇ, ನೀ ಕಂಡದ್ದ ಹೇಳಬ್ಯಾಡ." ನನ್ನ ಗಂಡನಿಗೂ ಅದನ್ನು ನಾನು ಹೇಳಿರಲಿಲ್ಲ.

ಡೈರಿ ಹಿಡಿದುಕೊಂಡೇ ಎದ್ದು ಹೋದೆ. ಮೇಷ್ಟ್ರು ಹೇಗೆ ಸತ್ತರು ಅಂತ ಗ್ರಂಥಪಾಲಕರನ್ನು ಕೇಳಿದೆ. "ಕಡೀಕಡೀಗೆ ಕಿವಿಗೆ ಹತ್ತಿ ಇಟ್ಕಂಡೇ ಇರ್ತಿದ್ರಂತ್ರಿ. ಬೀಸೋ ಸಪ್ಪಳ ನಿಲ್ಸರಿ ಅಂತಿದ್ರಂತ. ಅವ್ರ ಮನಿಯಾಗ ಬೀಸೋಕಲ್ಲೇ ಇರಲಿಲ್ಲರಿ" ಅಂದರು.

ನಿಜ ಹೇಳುತ್ತೇನೆ, ಹೊಟ್ಟೆ ತಣ್ಣಗಾಯಿತು. "ಭೇಷ್ ಅವ್ವಾ" ಅಂತ ಬಾಯಿಬಿಟ್ಟೇ ಅಂದೆ. ಸಂಜೆವರೆಗೂ ಕೂತು ಒಂದೂ ಬಿಡದೆ ಎಲ್ಲ ಸಾಲು ನಕಲು ಮಾಡಿಕೊಂಡೆ.

ಅಳು ಬಂದದ್ದು ವಾಪಸು ಬರುವ ಬಸ್ಸಿನಲ್ಲಿ. ಮಾಡಿದ ತಪ್ಪು ಕಾಡಿ ಮೇಷ್ಟ್ರೇ ಕಲ್ಪಿಸಿಕೊಂಡ ಅನ್ನೋಣವೆಂದರೆ, ನನ್ನ ಸಾಲು ಅವನಿಗೆ ಹೇಗೆ ಗೊತ್ತಾಯಿತು? ಅವ್ವನೇ ಹೋಗಿದ್ದಳು ಅಂದುಕೊಂಡರೆ ಇನ್ನೂ ಸಂಕಟ. ಆ ಕಳ್ಳನ ಮನೆಗೆ ದಿನಾ ಹೋದವಳು, ಕೂಸನ್ನು ಮಡಿಲಲ್ಲಿಟ್ಟುಕೊಂಡು ಅವಳಿಗಾಗಿ ಅಳುತ್ತಿದ್ದ ನನ್ನ ಹತ್ತಿರ ಒಂದು ದಿನವಾದರೂ ಯಾಕೆ ಬರಲಿಲ್ಲ?