ಮಾಗಡಿಯ ವಿಳಾಸಕ್ಕೆ ಹೋದ ಚೀಟಿ

ವೀರಭದ್ರಸ್ವಾಮಿಯ ಒಕ್ಕಲಿನವರೆಲ್ಲರಿಗೂ ಹೊಂಗನೂರಿನ ಶಿವಮ್ಮನ ಕೈಮುಗಿತ. ನನ್ನ ಮಗಳು ಭವ್ಯ ಹೋದ ವರ್ಷ ಆಷಾಢದಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದಳು. ಸೇರಿಸುವಾಗ ಪಟ್ಟ ಪಾಡಿಗಿಂತ ಅವಳು ಮನೆಗೆ ಬಂದಮೇಲೆ ಪಟ್ಟ ಪಾಡೇ ದೊಡ್ಡದು. ಅದನ್ನೂ, ಸ್ವಾಮಿ ಅದರಿಂದ ಪಾರು ಮಾಡಿದ್ದನ್ನೂ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಕೋಪ ಬಂದ ಕಡೆ ಕೋಪವೂ ಇರುತ್ತದೆ, ಹೊಟ್ಟೆಗೆ ಹಾಕಿಕೊಳ್ಳಿ.

ಭವ್ಯನಿಗೆ ಇಪ್ಪತ್ತೆರಡು ವರ್ಷ. ಚನ್ನಪಟ್ಟಣದಲ್ಲಿ ಕಾಲೇಜು ಮುಗಿಸುವ ಹೊತ್ತಿಗೆ, ಬಸ್ಸಿನಲ್ಲಿ ಎಲ್ಲರೂ ತನ್ನ ಬಗ್ಗೆಯೇ ಮಾತಾಡುತ್ತಾರೆ ಅನ್ನತೊಡಗಿದಳು. ಬರಬರುತ್ತಾ ನಾನು ಮಾಡಿದ ಅಡುಗೆಯಲ್ಲಿ ಏನೋ ಬೆರೆಸಿದ್ದೇನೆ ಅಂತ ಊಟ ಬಿಟ್ಟಳು. ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಯಾವುದು ಅಂತ ಬರೆಯುವುದಿಲ್ಲ, ಬರೆದು ಏನಾಗಬೇಕು? ಐದು ವಾರ ಇಟ್ಟುಕೊಂಡು ಚೆನ್ನಾಗಿಯೇ ನೋಡಿದರು. ಮಗಳು ನಕ್ಕಳು, ನನ್ನ ಕೈಯಿಂದ ಅನ್ನ ತಿಂದಳು. ಹೊರಡುವ ದಿನ ಡಾಕ್ಟರಮ್ಮ, "ಒಂದು ತಿಂಗಳ ಮಾತ್ರೆ ಕೊಟ್ಟಿದ್ದೀವಿ. ಆಮೇಲೆ ನಿಮ್ಮ ತಾಲ್ಲೂಕಿನವರು ಮನೆಗೇ ಬಂದು ನೋಡ್ತಾರೆ. ಮಾತ್ರೆ ಮಾತ್ರ ನಿಲ್ಲಿಸ್ಬೇಡಿ," ಅಂದರು.

ಯಾರೂ ಬರಲಿಲ್ಲ. ಡಬ್ಬಿಯಲ್ಲಿ ನಾಲ್ಕು ಮಾತ್ರೆ ಉಳಿದಾಗ ನಾನೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋದೆ. ಕೌಂಟರಿನವನು ಕಂಪ್ಯೂಟರ್ ಕುಟ್ಟಿ, "ಈ ಹೆಸ್ರು ನಮ್ಮ ಪಟ್ಟಿಲಿ ಇಲ್ಲ ಕಣಮ್ಮ. ಮನಸ್ಸಿನ ಡಾಕ್ಟ್ರು ಬರದು ಮಂಗಳವಾರ, ಆವತ್ತು ಬಾ," ಅಂದ. ಮಂಗಳವಾರ ಹೋದರೆ ಡಾಕ್ಟರು ಕ್ಯಾಂಪಿಗೆ ಹೋಗಿದ್ದರು. ಇನ್ನೊಂದು ಮಂಗಳವಾರ ಡಾಕ್ಟರು ಇದ್ದರು, ಎರಡು ಮಾತ್ರೆಯಲ್ಲಿ ಒಂದು ಇರಲಿಲ್ಲ. ಮೂರನೇ ಸಲ ಇನ್ನೊಂದೂ ಇರಲಿಲ್ಲ. ದೊಡ್ಡ ಆಸ್ಪತ್ರೆಗೆ ಹೋದರೆ, "ನಿಮ್ಮ ಕೇಸನ್ನ ತಾಲ್ಲೂಕಿಗೆ ಕಳಿಸಿ ಆಯ್ತಲ್ಲ, ಅಲ್ಲೇ ಹೋಗಿ," ಅಂತ ವಾಪಸು ಕಳಿಸಿದರು. ಮೆಡಿಕಲ್ ಸ್ಟೋರಿನವನು ಹಳೆಯ ಚೀಟಿಗೆ ಆ ಮಾತ್ರೆ ಕೊಡುವ ಹಾಗಿಲ್ಲ ಅಂದ. ಅವನು ಹೇಳಿದ್ದೂ ಸರಿಯೇ. ಎಲ್ಲರೂ ಸರಿಯೇ, ನನ್ನ ಮಗಳಿಗೆ ಮಾತ್ರೆ ಮಾತ್ರ ಇಲ್ಲ.

ನಾವು ರೇಷ್ಮೆ ಬೆಳೆಯುವವರು. ಮರಿ ಹುಳ ತಂದುಕೊಡುವ ನಂಜುಂಡ ಅಂತ ಒಬ್ಬನಿದ್ದಾನೆ. ಹುಳ ಕೊಟ್ಟು ಹೋದಮೇಲೂ ಅವನು ಬಿಡುವವನಲ್ಲ. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ. "ಅಕ್ಕೋ, ಜ್ವರಕ್ಕೆ ಕೂತ್ವಾ? ಎದ್ವಾ? ಒದ್ದೆ ಸೊಪ್ಪು ಹಾಕ್ಬುಟ್ಟೀರಿ," ಅಂತ ಪ್ರತಿ ಬೆಳೆಗೂ ಮೂರು ಸಲವಾದರೂ ಫೋನ್ ಮಾಡುತ್ತಾನೆ. ಹುಳ ಮಾರಿದವನಿಗೆ ಹುಳದ ಮೇಲೆ ಇರುವ ಕಾಳಜಿ, ನನ್ನ ಮಗಳನ್ನು ಐದು ವಾರ ಇಟ್ಟುಕೊಂಡು ಕಳಿಸಿದವರಿಗೆ ಇಲ್ಲವಲ್ಲ ಅಂತ ಹುಳದ ಮನೆಯಲ್ಲೇ ನಿಂತು ಅತ್ತುಬಿಟ್ಟೆ.

ದೀಪಾವಳಿ ಹೊತ್ತಿಗೆ ಭವ್ಯ ಮತ್ತೆ ಊಟ ಬಿಟ್ಟಳು. ಒಂದು ಮಧ್ಯಾಹ್ನ ನಾವು ಸೊಪ್ಪು ಕೊಯ್ಯಲು ಹೋದಾಗ ಬರಿಗಾಲಲ್ಲಿ ಹೊರಟುಹೋದಳು. ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ ಅಂಗಾಲು ಬೊಬ್ಬೆ ಎದ್ದಿತ್ತು. ನಮ್ಮ ಯಜಮಾನರು ಮಹದೇವಯ್ಯ ಎಂದೂ ಎದೆಗುಂದಿದವರಲ್ಲ. ಅವರೇ ಅವತ್ತು, "ಇನ್ನ ಯಾರ ಬಾಗ್ಲು ತಟ್ಟದು ಶಿವಿ? ಇವಳು ನಮ್ ಕೈ ಬುಟ್ಟು ಹೊಯ್ತಾವ್ಳೆ," ಅಂದರು.

ಕಾರ್ತಿಕ ಸೋಮವಾರ ಮಗಳ ಹತ್ತಿರ ಅವರನ್ನು ಬಿಟ್ಟು ಮನೆದೇವರಿಗೆ ಹೊರಟೆ. ನಮ್ಮ ವೀರಭದ್ರನ ಗುಡಿ ಮಾಗಡಿಯ ಹತ್ತಿರ. ರಾಮನಗರದಲ್ಲಿ ಬಸ್ಸು ಬದಲಿಸಿ, ದಾರಿ ಪೂರಾ ನಿಂತುಕೊಂಡೇ ಹೋದೆ. ಬೇಡುವುದಕ್ಕೆ ಹೋದವಳಲ್ಲ, ಬೈಯುವುದಕ್ಕೆ ಹೋದವಳು. "ಅವ್ರಿಗಂತೂ ಕಣ್ಣಿಲ್ಲ, ನಿಂಗೂ ಇಲ್ವೇನಪ್ಪಾ? ಮೂರು ಕಣ್ಣು ಇಟ್ಕಂಡು ಏನ್ ಮಾಡ್ತಾ ಇದ್ದೀಯ?" ಅಂತ ಜೋರಾಗಿಯೇ ಕೇಳಿದೆ. ಜನ ತಿರುಗಿ ನೋಡಿದರು. ನೋಡಲಿ ಅಂದುಕೊಂಡೆ.

ಪೂಜಾರಿ ಸಿದ್ದಯ್ಯನವರು ಅರ್ಚನೆಗೆ ಹೆಸರು ಕೇಳಿದರು. ಭವ್ಯ ಅಂದೆ. ಕೈಯಲ್ಲಿದ್ದ ಬಿಲ್ವಪತ್ರೆ ಹಾಗೇ ಹಿಡಿದು, "ಅಪ್ಪನ ಹೆಸ್ರು ಮಹದೇವಯ್ಯನಾ?" ಅಂದರು. ಹೌದು ಅಂದೆ. "ಅಯ್ಯೋ ತಾಯಿ, ಎರಡು ತಿಂಗಳಿಂದ ನಿಮ್ಮನ್ನೇ ಕಾಯ್ತಾ ಇವ್ನಿ!" ಅಂತ ಗೂಡಿನಿಂದ ಒಂದು ಚೀಟಿ ತೆಗೆದರು. ಮಾಗಡಿಯ ಆಶಾ ಕಾರ್ಯಕರ್ತೆ ಜಯಮ್ಮನ ಫೋನ್ ನಂಬರು ಅದರಲ್ಲಿತ್ತು. ಅರ್ಧ ಗಂಟೆಯಲ್ಲಿ ಆಕೆಯೇ ಗುಡಿಗೆ ಓಡಿಬಂದಳು.

ಇಲ್ಲಿ ನನ್ನ ತಪ್ಪು ಹೇಳಿಬಿಡುತ್ತೇನೆ. ಆಸ್ಪತ್ರೆಗೆ ಸೇರಿಸುವಾಗ ಆಧಾರ್ ಕಾರ್ಡು ಮರೆತೆ ಅಂತ ಸುಳ್ಳು ಹೇಳಿ, ಮಾಗಡಿಯಲ್ಲಿದ್ದ ಯಜಮಾನರ ಅಕ್ಕನ ಮನೆಯ ವಿಳಾಸ ಬರೆಸಿದ್ದೆ. ಆಸ್ಪತ್ರೆಯವರು ನಮ್ಮ ಬೀದಿಗೆ ಬಂದರೆ ಹುಡುಗಿಗೆ ಸಂಬಂಧ ಕೂಡಿಬರುತ್ತದೆಯೇ ಅಂತ ಭಯ. ಆ ಅಕ್ಕ ಮನೆಗೆ ಬೀಗ ಹಾಕಿ ತುಮಕೂರಿಗೆ, ಮಗಳ ಮನೆಗೆ ಹೋಗಿಬಿಟ್ಟಿದ್ದರು. ಮನೆಗೆ ಹೋಗಿ ನೋಡಿ ಅಂತ ಆಸ್ಪತ್ರೆಯಿಂದ ಬಂದ ಚೀಟಿ ಹಿಡಿದು ಜಯಮ್ಮ ಆ ಬೀಗದ ಮುಂದೆ ಎಷ್ಟು ಸಲ ನಿಂತಳೋ. ಅತ್ತ ನಾನು ನಮ್ಮ ತಾಲ್ಲೂಕಿನ ಕೌಂಟರಿನಲ್ಲಿ ಹೆಸರು ಯಾಕಿಲ್ಲ ಅಂತ ಜಗಳ ಆಡುತ್ತಿದ್ದೆ.

"ಮೇಲಿನವ್ರು ಮನೇಲಿಲ್ಲ ಅಂತ ಬರ್ದು ಫೈಲ್ ಮುಚ್ಚು ಅಂದ್ರು ಅಕ್ಕಾ," ಅಂದಳು ಜಯಮ್ಮ. "ನಂಗ್ ಮನಸ್ ಬರ್ಲಿಲ್ಲ. ಚನ್ನಪಟ್ಟಣದ ಕಡೆ ನೆಂಟ್ರು ಅವ್ರೆ, ಇದೇ ಅವ್ರ ಮನೆದೇವ್ರು ಅಂತ ಪಕ್ಕದ ಮನೆಯವ್ರು ಅಂದ್ರು. ಯಾವ ಊರು ಬುಟ್ರೂ ಮನೆದೇವ್ರ ಬುಡಲ್ಲ ಜನ, ಕಾರ್ತಿಕಕ್ಕೆ ಬಂದೇ ಬತ್ತಾರೆ ಅಂತ ಪೂಜಾರಪ್ಪಂಗೆ ಹೇಳಿದ್ದೆ. ಕಾಯ್ಲೆ ವಿಚಾರ ಮಾತ್ರ ಎತ್ತಿಲ್ಲ."

ನನ್ನ ತಪ್ಪು ನನ್ನದೇ. ಆದರೆ ಫೋನ್ ನಂಬರನ್ನು ಸರಿಯಾಗಿಯೇ ಕೊಟ್ಟಿದ್ದೆ. ಜಯಮ್ಮನಿಗೆ ಬಂದ ಚೀಟಿಯಲ್ಲಿ ಅದನ್ನು ಯಾರೂ ಬರೆದಿರಲಿಲ್ಲ. ಹತ್ತು ಅಂಕಿ ಬರೆಯಲು ಎಷ್ಟು ಹೊತ್ತು ಬೇಕು? ಆ ಹತ್ತು ಅಂಕಿಗಾಗಿ ನನ್ನ ಮಗಳ ಅಂಗಾಲು ಸುಟ್ಟಿತು.

ಮಾರನೆಯ ದಿನವೇ ಭವ್ಯನನ್ನು ಮಾಗಡಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಜಯಮ್ಮ ಜೊತೆಯಲ್ಲೇ ಕೂತು ಡಾಕ್ಟರಿಗೆ ತೋರಿಸಿದಳು. ತಿಂಗಳಿಗೊಂದು ಇಂಜೆಕ್ಷನ್ ಶುರುವಾಯಿತು, ಹೆಸರು ನಮ್ಮ ತಾಲ್ಲೂಕಿಗೆ ಬದಲಾಯಿತು. ಒಂದೇ ದಿನಕ್ಕೆ ವಾಸಿಯಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಸಂಕ್ರಾಂತಿಗೆ ಎಳ್ಳು ಬೀರಲು ಅವಳೇ ಹೋದಳು, ಅಷ್ಟು ಹೇಳಬಲ್ಲೆ. ಮಾತ್ರೆ ಬಂದಿಲ್ಲ ಅನ್ನುವ ಮಾತು ಈಗಲೂ ಆಗಾಗ ಕೇಳಿಬರುತ್ತದೆ, ನಾನೂ ಈಗಲೂ ಜಗಳ ಆಡುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಕಾಯಿಲೆ ಇದ್ದರೆ ನನ್ನ ಹಾಗೆ ಬಚ್ಚಿಡಬೇಡಿ. ನಾನು ಮರೆಮಾಡಿದ ಮಗಳನ್ನು ಸ್ವಾಮಿ ತನ್ನ ಗುಡಿಯಲ್ಲೇ ನಿಂತು ಹುಡುಕಿಸಿಕೊಂಡ. ಅವನಿಗೆ ಕಣ್ಣಿಲ್ಲ ಅಂದ ಬಾಯಿಂದಲೇ ಈಗ ದಿನವೂ ಅವನ ಹೆಸರು ಹೇಳುತ್ತೇನೆ.

ಹೋದ ತಿಂಗಳು ನಮ್ಮ ತಾಲ್ಲೂಕಿನ ನರ್ಸಮ್ಮ ಮೊದಲ ಸಲ ಮನೆಗೆ ಬಂದರು. ಎದುರುಮನೆಯಾಕೆ ಏನೋ ನೆಪ ಮಾಡಿಕೊಂಡು ಬಂದು ಜಗಲಿಯ ಮೇಲೆ ಕೂತಿದ್ದಳು. ನರ್ಸಮ್ಮ ಪುಸ್ತಕ ತೆರೆದು ವಿಳಾಸ ಕೇಳಿದರು. ಇಷ್ಟೆಲ್ಲ ಆದಮೇಲೂ ನನ್ನ ಕಣ್ಣು ಮೊದಲು ಎದುರುಮನೆಯಾಕೆಯ ಕಡೆಗೇ ಹೋಯಿತು. ಒಳಗಿನಿಂದ ಭವ್ಯ ಬಂದು ನನ್ನ ಪಕ್ಕ ನಿಂತಳು.

"ಹೊಂಗನೂರು, ಮಾರಮ್ಮನ ಗುಡಿ ಬೀದಿ, ಮೂರನೇ ಮನೆ. ಕಾಯ್ಲೆ ನಂಗೆ," ಅಂದಳು. "ಸರಿಯಾಗಿ ಬರ್ಕಳಿ ಅಕ್ಕಾ, ಮುಂದಿನ ತಿಂಗ್ಳೂ ನೀವು ಬರ್ಬೇಕು."