ಪಂಪ್ ಕಾಕನ ಎರಡು ನೀರಿನ ಕನ್ನಡಕ

ಪಂಪ್ ಕಾಕನ ಮುಖದಲ್ಲಿ ಎರಡು ಬಣ್ಣವಿತ್ತು. ಹಣೆ, ಕೆನ್ನೆ, ಗದ್ದವೆಲ್ಲ ಬಿಸಿಲಿಗೆ ಸುಟ್ಟು ಕಪ್ಪಾಗಿದ್ದವು. ಕಣ್ಣು ಮೂಗಿನ ಸುತ್ತ ಮಾತ್ರ ಅಗಲವಾದ ಬಿಳಿಚಿದ ಜಾಗ, ಅದರ ಅಂಚಿಗೆ ಹಣೆಯ ಮೇಲೆ ಒತ್ತಿ ಕೂತ ಒಂದು ಗೆರೆ. ಕನ್ನಡಕ ಹಾಕದಿದ್ದರೂ ಹಾಕಿದ ಹಾಗೆ ಕಾಣುತ್ತಿದ್ದ ಮನುಷ್ಯ. ಮೊದಲ ಸಲ ನೋಡಿದಾಗ ಇದು ಏನೋ ಚರ್ಮದ ಕಾಯಿಲೆ ಎಂದುಕೊಂಡು ನಾನು ನನ್ನ ಪಂಪಿನ ಮೋಟಾರನ್ನು ದೂರದಲ್ಲೇ ಇಳಿಸಿ ನಿಂತಿದ್ದೆ.

ಕಳಸದಿಂದ ಹೊರನಾಡಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಅವರ ತಗಡಿನ ಶೆಡ್ಡು. ಹೂವರಳಿಸುವ ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ಸ್ಪ್ರಿಂಕ್ಲರ್ ಹಾಕುವವರಿಗೆಲ್ಲ ಅವರೇ ಗತಿ. ಕೆಟ್ಟ ಪಂಪು ಹೊತ್ತು ತಂದವರು ಎಸ್ಟೇಟ್ ಸಾಹುಕಾರರಾದರೂ ಸರಿ, ನನ್ನಂಥ ಚಿಕ್ಕ ತೋಟದವರಾದರೂ ಸರಿ, ಕಾಕ ಮೊದಲು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸುಮ್ಮನೆ ನೋಡುತ್ತಿದ್ದರು. ಮುಟ್ಟುತ್ತಲೇ ಇರಲಿಲ್ಲ. ನನಗಂತೂ ಮೈಯೆಲ್ಲ ಉರಿದುಹೋಗುತ್ತಿತ್ತು. "ಅದನ್ನು ಬಿಚ್ಚಿ ಮಾರಾಯ್ರೆ, ದೃಷ್ಟಿ ತೆಗೀತಿದ್ದೀರಾ?" ಎಂದು ಒಮ್ಮೆ ರೇಗಿದೆ. ಕಾಕ ನಕ್ಕು, "ನೋಡದೆ ಮುಟ್ಟಿದರೆ ಹಾಳಾಗೋದೇ ಜಾಸ್ತಿ ಅಮ್ಮ" ಎಂದರು.

ಶೆಡ್ಡಿನ ಗೋಡೆಯಲ್ಲಿ ಬೆಲ್ಟು, ವಾಷರುಗಳ ನಡುವೆ ಎರಡು ನೀರಿನ ಕನ್ನಡಕ ತೂಗುತ್ತಿದ್ದವು. ಕಣ್ಣು ಮೂಗು ಎರಡನ್ನೂ ಮುಚ್ಚುವ, ರಬ್ಬರ್ ಅಂಚಿನ ದೊಡ್ಡ ಗಾಜು. ಒಂದಕ್ಕೆ ಕಪ್ಪು ಪಟ್ಟಿ, ಇನ್ನೊಂದಕ್ಕೆ ನೀಲಿ. ಅಂಗಡಿಯ ಸಾಮಾನೆಲ್ಲ ಗ್ರೀಸಿನಲ್ಲಿ ಮಿಂದಿದ್ದರೂ ಇವೆರಡು ಮಾತ್ರ ತೊಳೆದಿಟ್ಟ ಲೋಟದಂತೆ ಇರುತ್ತಿದ್ದವು. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುವಾಗ ಕಾಕ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಒಮ್ಮೆ ನೀರಿಗೆ ಬರ್ತೀರಾ?" ಜೀಪಿನ ಡ್ರೈವರನ್ನು ಕೇಳಿದರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕೇಳಿದರು, ಮೇಸ್ತ್ರಿಯನ್ನು ಕೇಳಿದರು. ಎಲ್ಲರೂ ನಗುತ್ತಿದ್ದರು. ಕಾಕನಿಗೆ ಒಂದು ಸುತ್ತು ಕಡಿಮೆ ಎಂದು ಪೇಟೆಯಲ್ಲಿ ಮಾತಾಗಿತ್ತು.

ಪ್ರಾಯದಲ್ಲಿ ಅವರು ಮಂಗಳೂರಿನಿಂದ ಹಡಗು ಹತ್ತಿ ಎಲ್ಲೋ ದೂರದ ದ್ವೀಪ ಸೇರಿದ್ದರಂತೆ. ಅಲ್ಲಿ ಹವಳ ಬೆಳೆಯುವ ಕಡಲನ್ನು ಸರಕಾರ ಕಾಪಾಡಿ ಇಟ್ಟಿದೆ. ಮುಳುಗಿ ನೋಡಲು ಬರುವವರನ್ನು ಕರೆದೊಯ್ಯುವ ದೋಣಿಯಲ್ಲಿ ಎಂಜಿನ್ ನೋಡಿಕೊಳ್ಳುವುದು, ನೀರಿಗೆ ಇಳಿಯುವ ಮೊದಲು ಅವರಿಗೆ ಕಾನೂನು ಹೇಳಿ ಜೊತೆಗೆ ಇಳಿಯುವುದು ಕಾಕನ ಕೆಲಸ. "ಅಲ್ಲಿ ಕಡಲಿಗೂ ಬೇಲಿ ಉಂಟು ಅಮ್ಮ, ಕಣ್ಣಿಗೆ ಕಾಣೋದಿಲ್ಲ ಅಷ್ಟೆ" ಎನ್ನುತ್ತಿದ್ದರು. ಹವಳ ಮುಟ್ಟಬಾರದು. ಕೈ ಕಂಕುಳಲ್ಲಿರಬೇಕು. ಚಿಪ್ಪು ಹೆಕ್ಕಬಾರದು. ಮೀನಿಗೆ ತಿಂಡಿ ಹಾಕಬಾರದು. ಹವಳದ ಮೇಲೆ ಲಂಗರು ಬಿಡಬಾರದು, ಅದಕ್ಕೆಂದೇ ನೀರಲ್ಲಿ ತೇಲಿಬಿಟ್ಟ ಪ್ಲಾಸ್ಟಿಕ್ ಬುರುಡೆಗೆ ದೋಣಿ ಕಟ್ಟಬೇಕು. ಎಲ್ಲಕ್ಕಿಂತ ಮೊದಲು, ಜೋಡಿಯಿಲ್ಲದೆ ಯಾರೂ ನೀರಿಗೆ ಇಳಿಯಬಾರದು. ಊರಲ್ಲಿ ಅವರ ತಾಯಿ, ಉಮ್ಮ, ಹಾಸಿಗೆ ಹಿಡಿದಾಗ ಅದೆಲ್ಲ ಬಿಟ್ಟು ಬೆಟ್ಟ ಹತ್ತಿ ವಾಪಸು ಬಂದರು. ಉಮ್ಮ ತೀರಿಹೋದ ಮೇಲೆ ಮನೆಯಲ್ಲಿ ಒಬ್ಬರೇ ಉಳಿದರು. ಮುಖದ ಮೇಲಿನ ಕನ್ನಡಕದ ಗುರುತು ಮಾತ್ರ ಮಾಸಲೇ ಇಲ್ಲ.

ನಮ್ಮ ಭದ್ರಾ ಹೊಳೆಯ ತಿರುವಿನಲ್ಲಿ ಒಂದು ದೇವರ ಮೀನಿನ ಗುಂಡಿ ಇದೆ. ಹಿಂದಿನಿಂದಲೂ ಅಲ್ಲಿ ಗಾಳ ಹಾಕುವಂತಿಲ್ಲ. ಟೂರಿಸ್ಟುಗಳ ರಬ್ಬರ್ ಬೋಟುಗಳು ಬಂದು ಮೀನು ಚದುರತೊಡಗಿದಾಗ ಪಂಚಾಯಿತಿಯವರು ಗುಂಡಿಗೆ ಅಡ್ಡ ಹಗ್ಗ ಕಟ್ಟಿಸಿದರು. ಹಗ್ಗದ ಮೇಲ್ಗಡೆ, ಗುಂಡಿಯಿರುವ ಕಡೆಗೆ, ಬೋಟೂ ಇಲ್ಲ, ಮನುಷ್ಯರೂ ಇಲ್ಲ. ಕೆಳಗಡೆ ಇಳಿಯಬಹುದು, ಆದರೆ ಜೋಡಿಯಾಗಿ. ಈ ಕೊನೆಯದನ್ನು ಸೇರಿಸಿದವರು ಕಾಕ. ಭಾನುವಾರಗಳಲ್ಲಿ ಬಂದವರಿಗೆ ಇದನ್ನೆಲ್ಲ ಹೇಳುವ ಕೆಲಸವನ್ನೂ ಅವರಿಗೇ ವಹಿಸಿದ್ದರು. ಪಾಪ, ತಾವೇ ಹೇಳಿದ ಕಾನೂನಿಗೆ ತಾವೇ ಸಿಕ್ಕಿಬಿದ್ದರು. ಚಳಿಗಾಲದಲ್ಲಿ ನೀರು ತಿಳಿಯಾದರೆ ತಳದ ಕಲ್ಲೂ ಕಾಣುವ ಹೊಳೆ ಎದುರಿಗಿದೆ, ಜೀವನವೆಲ್ಲ ನೀರಿನೊಳಗೆ ನೋಡಿದ ಮನುಷ್ಯ ದಡದಲ್ಲಿದ್ದಾರೆ, ಜೊತೆಗೆ ಇಳಿಯಲು ಒಂದು ನರಪಿಳ್ಳೆಯಿಲ್ಲ.

ನನ್ನನ್ನೂ ಎಷ್ಟೋ ಸಲ ಕೇಳಿದ್ದರು. ನಾನು ಪ್ರತಿ ಸಲವೂ "ನನಗೆಂತ ಹುಚ್ಚಾ?" ಎಂದು ಬಂದುಬಿಡುತ್ತಿದ್ದೆ. ಒಂದು ಸಂಜೆ ಮಾತ್ರ ಏನಾಯಿತೋ, "ಯಾವಾಗ?" ಎಂದು ಕೇಳಿಬಿಟ್ಟೆ. ಯಜಮಾನರು ಹೋಗಿ ಕೆಲವು ವರ್ಷವಾಗಿತ್ತು. ಮಕ್ಕಳಿಲ್ಲ. ಆ ವಾರ ತೋಟದ ಆಳುಗಳಿಗೆ ಬೈದದ್ದು ಬಿಟ್ಟರೆ ನಾನು ಯಾರೊಡನೆಯೂ ಮಾತಾಡಿರಲಿಲ್ಲ.

ಕಾಕನಿಗೆ ನಂಬಿಕೆಯೇ ಬರಲಿಲ್ಲ. "ನಾಳೆ" ಎಂದರು. ಆಮೇಲೆ, "ಬೆಳಿಗ್ಗೆ. ಬಿಸಿಲು ಬಿದ್ದ ಮೇಲೆ. ಮರೀಬೇಡಿ ಅಮ್ಮ" ಎಂದರು.

"ನನಗೆ ಈಜು ಬರೋದಿಲ್ಲ ಕಾಕ."

"ಈಜು ಯಾರಿಗೆ ಬೇಕು? ಜಾಕೆಟ್ ಉಂಟು, ತೇಲಿಸ್ತದೆ. ಮುಖ ಮುಳುಗಿಸಿದರೆ ಸಾಕು."

ದಡದಲ್ಲಿ ನನಗೆ ಜಾಕೆಟ್ ತೊಡಿಸಿ, ನೀಲಿ ಪಟ್ಟಿಯ ಕನ್ನಡಕ ಬಿಗಿದು, ಬಾಯಿಗೆ ಉಸಿರಿನ ಕೊಳವೆ ಕೊಟ್ಟು, ಕೈಸನ್ನೆ ಕಲಿಸಿದರು. ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ 'ಆರಾಮಾ?' ಎಂದು ಕೇಳಿದಂತೆ. ಆರಾಮಿದ್ದರೆ ತಿರುಗಿ ಸೊನ್ನೆಯನ್ನೇ ತೋರಿಸಬೇಕು. ಇಲ್ಲದಿದ್ದರೆ ಅಂಗೈ ಕೆಳಗೆ ಮಾಡಿ ಆಚೀಚೆ ತೂಗಿಸಬೇಕು. "ದಡದಲ್ಲಿ ಎಂತ ಬೇಕಾದರೂ ಸುಳ್ಳು ಹೇಳಿ. ನೀರಲ್ಲಿ ಮಾತ್ರ ಹೇಳಬೇಡಿ. ಜೋಡಿಗೆ ಗೊತ್ತಾಗೋದು ಹೇಗೆ?" ಎಂದರು.

ಮುಖ ಮುಳುಗಿಸಿದೆ. ಮೊದಲು ಕೇಳಿದ್ದು ಸದ್ದು. ನೀರಿನ ಅಡಿಯಲ್ಲಿ ಸಣ್ಣ ಕಲ್ಲುಗಳು ಉರುಳುವ ಕಿಟಿಕಿಟಿ ಸದ್ದು. ಆಮೇಲೆ ಮೀನು. ಹಗ್ಗದ ಆಚೆಯಿಂದ ಒಂದೊಂದಾಗಿ ಬಂದವು, ನನ್ನ ತೊಡೆಯಷ್ಟು ದಪ್ಪ, ಎಂಟಾಣೆ ಅಗಲದ ಹುರುಪೆ, ಬಿಸಿಲು ಬಿದ್ದಲ್ಲಿ ತಾಮ್ರದ ಬಣ್ಣ. ಈ ಹೊಳೆಯ ದಡದಲ್ಲೇ ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ಒಳಗೆ ಇಷ್ಟು ದೊಡ್ಡ ಸಂಸಾರ ಇರುವುದು ಗೊತ್ತೇ ಇರಲಿಲ್ಲ. ಒಂದು ಮೀನು ನನ್ನ ಗಾಜಿನ ಎದುರಿಗೇ ಬಂದು ನಿಂತಿತು. ಯಾರೋ ನನ್ನನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ದಿನವಾಯಿತು ಎನಿಸಿತು, ಕನ್ನಡಕದೊಳಗೇ ಅಳು ಬಂತು. ಪಕ್ಕದಲ್ಲಿ ತೇಲುತ್ತಿದ್ದ ಕಾಕ ಸೊನ್ನೆ ತೋರಿಸಿದರು. ನಾನು ಅಂಗೈ ತೂಗಿಸಿದೆ. ಅವರು ಹತ್ತಿರ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡರು. ಮೇಲೆಳೆಯಲಿಲ್ಲ, ಏನಾಯಿತೆಂದು ಕೇಳಲಿಲ್ಲ. ನನ್ನ ಅಳು ನಿಲ್ಲುವವರೆಗೂ ಹಿಡಿದುಕೊಂಡೇ ಇದ್ದರು.

ಆಮೇಲೆ ಪ್ರತಿ ಚಳಿಗಾಲವೂ ಹೋದೆವು. ಪೇಟೆಯವರು ಆಡಿಕೊಂಡರು. ಮುದುಕಿಗೆ ನೀರಿಗಿಳಿಯೋಕೆ ಚೂಡಿದಾರ ಬೇರೆ ಕೇಡು, ಅದೂ ಸಾಬರ ಜೊತೆ ಹೊಳೆಗೆ ಅಂದರು. ನನ್ನ ಬಾಯಿ ಊರಿಗೇ ಗೊತ್ತಿರುವುದರಿಂದ ಎದುರಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಸರಿಯಾಗಿ ನೀರಿಳಿಸುತ್ತಿದ್ದೆ.

ಒಂದು ವರ್ಷ ನಾನು ಕಣದಲ್ಲಿ ಜಾರಿ ಮಂಡಿಚಿಪ್ಪು ಮುರಿದುಕೊಂಡೆ. ಇಡೀ ಚಳಿಗಾಲ ಮಂಚದಲ್ಲೇ. ಕಾಕ ಬಿಸ್ಕತ್ತಿನ ಪೊಟ್ಟಣ ಹಿಡಿದು ನೋಡಲು ಬರುತ್ತಿದ್ದರು. "ನೀರು ಹೇಗಿದೆ?" ಎಂದರೆ, "ಕನ್ನಡಿ" ಎನ್ನುತ್ತಿದ್ದರು. ಕಾಕ ಬೆಳಿಗ್ಗೆ ಎರಡೂ ಕನ್ನಡಕ ಹಿಡಿದು ಹೊಳೆಯ ಬಂಡೆಯ ಮೇಲೆ ಕೂತು, ಹಾಗೆಯೇ ವಾಪಸು ಬರುತ್ತಾರೆಂದು ತೋಟದ ಮೇಸ್ತ್ರಿ ಹೇಳಿದ. ನನಗೆ ಸಿಟ್ಟು ಬಂತು.

"ಅಯ್ಯೋ ಶನಿಯೇ, ಒಬ್ಬರೇ ಇಳೀರಿ ಕಾಕ! ಸೊಂಟದಷ್ಟು ನೀರು. ಯಾರು ಕೇಳ್ತಾರೆ?"

ಕಾಕ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಆಮೇಲೆ ಹೇಳಿದರು. ದ್ವೀಪದಲ್ಲಿ ಅವರಿಗೊಬ್ಬ ಜೋಡಿ ಇದ್ದ, ಅದೇ ದೋಣಿಯವನು. ಒಂದು ದಿನ ಬಂದಿದ್ದ ದೊಡ್ಡ ಮನುಷ್ಯರು ಇಲ್ಲೇ ನಿಲ್ಲಿಸಿ ಎಂದು ಹಟ ಹಿಡಿದರು. ದೋಣಿ ಕಟ್ಟುವ ಬುರುಡೆ ದೂರವಿತ್ತು. ಒಂದು ಸಲಕ್ಕೆ ಎಂತ ಆಗ್ತದೆ ಎಂದು ಕಾಕನೇ ಹವಳದ ಮೇಲೆ ಲಂಗರು ಬಿಟ್ಟರು. ಹೊರಡುವಾಗ ಅದು ಸಿಕ್ಕಿಕೊಂಡಿತು. ಬಿಡಿಸಲು ಜೋಡಿ ಇಳಿದ.

"ನಾನು ಬಂದವರಿಗೆ ಚಾ ಮಾಡ್ತಾ ಇದ್ದೆ ಅಮ್ಮ. ಈಗ ಬಂದೆ, ನೀನು ಚಾ ಕೊಡು ಅಂತ ಹೇಳಿ ಒಬ್ಬನೇ ಹೋದ. ಚಾ ತಣಿದರೂ ಬರಲಿಲ್ಲ."

ಕಾಕ ಎದ್ದು ಚಪ್ಪಲಿ ಮೆಟ್ಟಿಕೊಂಡು, ಬಾಗಿಲಲ್ಲಿ ನಿಂತು, "ನೀಲಿ ಪಟ್ಟಿಯದ್ದು ಅವನದ್ದು. ಅವನನ್ನು ಎತ್ತಿದಾಗ ಬಿಚ್ಚಿಟ್ಟುಕೊಂಡೆ" ಎಂದರು. ಇಷ್ಟು ವರ್ಷ ನನ್ನ ಮುಖಕ್ಕೆ ಹಾಕಿಕೊಂಡದ್ದು ಅದನ್ನೇ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮಂಡಿ ವಾಸಿಯಾಗಿ ಮುಂದಿನ ಚಳಿಗಾಲ ಮತ್ತೆ ಇಳಿದೆವು. ಆಮೇಲೆ ಬಂದ ಬೇಸಿಗೆಯಲ್ಲಿ ಒಬ್ಬ ರೆಸಾರ್ಟ್ ಸಾಹುಕಾರರು ದೋಣಿಗೆ ಕಟ್ಟುವ ಎಂಜಿನ್ ಒಂದನ್ನು ಜೀಪಿನಲ್ಲಿ ಹೇರಿಕೊಂಡು ಶೆಡ್ಡಿಗೆ ಬಂದರು. ನಾನು ಅಲ್ಲೇ ಇದ್ದೆ. ಈ ಬೆಟ್ಟದಲ್ಲಿ ಅದನ್ನು ರಿಪೇರಿ ಮಾಡಬಲ್ಲವರು ಕಾಕ ಒಬ್ಬರೇ.

"ಎಲ್ಲಿ ಓಡಿಸ್ತೀರಿ ಸ್ವಾಮಿ?" ಎಂದು ಕಾಕ ಕೇಳಿದರು.

"ಗುಂಡಿಯಲ್ಲಿ ಒಂದು ರೌಂಡು. ಗೆಸ್ಟುಗಳಿಗೆ ಮೀನು ತೋರಿಸೋದು, ಅಷ್ಟೆ. ಹಗ್ಗ ಎತ್ತಿದರಾಯ್ತು. ಪಂಚಾಯಿತಿಯವರ ಹತ್ರ ನಾನು ಮಾತಾಡ್ತೀನಿ."

"ಆಗೋದಿಲ್ಲ."

"ರಿಪೇರಿ ಮಾಡೋದು ನಿಮ್ಮ ಕೆಲಸ ಕಾಕ. ಓಡಿಸೋದು ನನ್ನ ಕೆಲಸ."

"ಹೌದು. ಒಂದು ಸಲಕ್ಕೆ ಎಂತ ಆಗ್ತದೆ ಅಂತ ನಾನೂ ಹೇಳಿದವನೇ ಸ್ವಾಮಿ. ತೆಗೊಂಡು ಹೋಗಿ."

ಸಾಹುಕಾರರ ನೆಂಟರು, ಇಷ್ಟರು ಯಾರೂ ಆಮೇಲೆ ಕಾಕನ ಶೆಡ್ಡಿಗೆ ಪಂಪು ತರಲಿಲ್ಲ. ಚಿಕ್ಕಮಗಳೂರಿಗೇ ಕಳಿಸಿದರು. ಅರ್ಧ ದಿನ ಶೆಡ್ಡು ಖಾಲಿ ಹೊಡೆಯುತ್ತಿತ್ತು. ಕಾಕ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಹೊರನಾಡಿನ ಬಸ್ಸು ನೋಡುತ್ತ ಕೂತಿರುತ್ತಿದ್ದರು. ನಾನು ಕೆಡದ ಪಂಪನ್ನೂ ಕೆಟ್ಟಿದೆ ಎಂದು ಹೊತ್ತುಕೊಂಡು ಹೋಗುತ್ತಿದ್ದೆ. ಕಾಕ ಅದನ್ನು ಪೂರ್ತಿ ಬಿಚ್ಚಿ, ಒರೆಸಿ, ಜೋಡಿಸಿ, "ಸರಿಯಾಯ್ತು ಅಮ್ಮ" ಎಂದು ಕೊಡುತ್ತಿದ್ದರು. ಹಗ್ಗ ಮಾತ್ರ ಇದ್ದಲ್ಲೇ ಇತ್ತು.

ಕಳೆದ ಮಳೆಗಾಲದಲ್ಲಿ ಅವರ ಹೃದಯ ಕೈಕೊಟ್ಟಿತು. ಮೂಡಿಗೆರೆಯಲ್ಲಿದ್ದ ಅವರ ತಮ್ಮ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ನಾನು ಬಸ್ಸು ಹಿಡಿದು, ಘಾಟಿಯಲ್ಲಿ ವಾಂತಿ ಮಾಡಿಕೊಂಡು, ಹೇಗೋ ಹೋಗಿ ತಲುಪಿದೆ. ಮೂಗು ಬಾಯಿಗೆ ಆಮ್ಲಜನಕದ ಮುಚ್ಚಳ ಹಾಕಿದ್ದರು. ಮಂಚದ ಸುತ್ತ ನೆಂಟರು. ತಮ್ಮ, ತಮ್ಮನ ಹೆಂಡತಿ, ನರ್ಸು, ಯಾರು ಹೇಗಿದ್ದೀರಿ ಎಂದು ಕೇಳಿದರೂ ಕಾಕ ತಲೆಯಾಡಿಸಿ ಆರಾಮ ಎನ್ನುವಂತೆ ನಗುತ್ತಿದ್ದರು. ಎಲ್ಲರಿಗೂ ಸಮಾಧಾನವಾಗಿತ್ತು.

ನಾನು ಅವರ ಕಾಲಬುಡದಲ್ಲಿ ನಿಂತು ಸೊನ್ನೆ ತೋರಿಸಿದೆ.

ಕಾಕ ನನ್ನನ್ನೇ ನೋಡಿದರು. ಸೂಜಿ ಚುಚ್ಚಿದ್ದ ಕೈಯನ್ನು ಹಾಸಿಗೆಯಿಂದ ಒಂದಿಷ್ಟು ಎತ್ತಿ, ಅಂಗೈ ಕೆಳಗೆ ಮಾಡಿ, ಆಚೀಚೆ ತೂಗಿಸಿದರು.

ಅಲ್ಲಿದ್ದವರಿಗೆ ಅದು ಏನೆಂದು ತಿಳಿಯಲಿಲ್ಲ. ನಾನು ಸುತ್ತಿದ್ದವರನ್ನು ಸರಿಸಿಕೊಂಡು ಹೋಗಿ ಅವರ ಮಣಿಕಟ್ಟು ಹಿಡಿದುಕೊಂಡೆ. ಯಾರು ಏನು ಅಂದುಕೊಂಡರೋ ನನಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ನೋಡುವ ಹೊತ್ತು ಮುಗಿಯಿತೆಂದು ನರ್ಸು ಬಂದು ಕಳಿಸುವವರೆಗೆ ಹಿಡಿದುಕೊಂಡೇ ಇದ್ದೆ. ಮಾರನೆಯ ದಿನ ಕಾಕ ಹೋದರು.

ಅವರ ಮಯ್ಯತ್ತನ್ನು ಕಳಸಕ್ಕೆ ತಂದರು. ಮಸೀದಿಯ ಹಿಂದೆ ಮಣ್ಣು ಮಾಡುವ ಜಾಗಕ್ಕೆ ಹೆಂಗಸರು ಹೋಗುವಂತಿಲ್ಲ. ಮಳೆಯಲ್ಲಿ ಕೊಡೆ ಹಿಡಿದು ರಸ್ತೆಯಲ್ಲೇ ನಿಂತಿದ್ದೆ. ಶೆಡ್ಡು ಖಾಲಿ ಮಾಡುವ ದಿನ ಅವರ ತಮ್ಮ ಎರಡೂ ನೀರಿನ ಕನ್ನಡಕಗಳನ್ನು ತಂದು ನನ್ನ ಕೈಗಿಟ್ಟು, "ಇದು ನಿಮ್ಮದಂತೆ" ಎಂದರು.

ಭಾನುವಾರ ಹೊಳೆಯ ಹತ್ತಿರ ಬಂದವರಿಗೆ ಈಗ ನಾನು ಕಾನೂನು ಹೇಳುತ್ತೇನೆ. ಕಾಕನಷ್ಟು ತಾಳ್ಮೆ ನನಗಿಲ್ಲ, ಕುರುಕುರೆ ಎಸೆದವರಿಗೆ ಚೆನ್ನಾಗಿಯೇ ಬೈಯುತ್ತೇನೆ. ಈ ಚಳಿಗಾಲ ನೀರು ಮತ್ತೆ ತಿಳಿಯಾಗಿದೆ. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಬಂಡೆಯ ಮೇಲೆ ಕೂರುತ್ತೇನೆ, ನೀಲಿ ಪಟ್ಟಿಯದ್ದು ಮಡಿಲಲ್ಲಿ, ಕಪ್ಪು ಪಟ್ಟಿಯದ್ದು ಪಕ್ಕದಲ್ಲಿ. ಮೀನುಗಳು ಹಗ್ಗದವರೆಗೂ ಬಂದು ಹೋಗುವುದು ಮೇಲಿನಿಂದಲೇ ಕಾಣುತ್ತದೆ. ಸೊಂಟದಷ್ಟೇ ನೀರು. ಆದರೂ ಇಳಿಯುವುದಿಲ್ಲ. ಕಾಕ ಇಲ್ಲದ್ದು ನನಗೆ ಎಲ್ಲಕ್ಕಿಂತ ಹೆಚ್ಚು ತಿಳಿಯುವುದು ಆ ಬಂಡೆಯ ಮೇಲೆ.

ಪಂಪು ರಿಪೇರಿಗೆ ಹೊಸದಾಗಿ ಬಂದವನನ್ನು ಕೇಳಿದೆ, ಹಾಲಿನ ಡೇರಿಯವಳನ್ನು ಕೇಳಿದೆ, ಮೇಸ್ತ್ರಿಯನ್ನಂತೂ ದಿನಾ ಕೇಳುತ್ತೇನೆ. ಎಲ್ಲರೂ ನಗುತ್ತಾರೆ. ಈಗ ಒಂದು ಸುತ್ತು ಕಡಿಮೆ ಇರುವುದು ನನಗೆ. ಮೊನ್ನೆ ಗ್ಯಾಸ್ ತಂದವನು ಸಿಲಿಂಡರ್ ಇಳಿಸಿ ಬೆವರು ಒರೆಸಿಕೊಳ್ಳುತ್ತ, ಗೋಡೆಯ ಮೇಲಿನ ಎರಡು ಕನ್ನಡಕಗಳನ್ನು ನೋಡಿ ಇದೇನೆಂದು ಕೇಳಿದ. ಹೇಳಿದೆ. ಹೇಳಿ, "ಒಮ್ಮೆ ನೀರಿಗೆ ಬರ್ತೀಯಾ ಮಾರಾಯ?" ಎಂದೆ.

"ನಂಗೆ ಈಜು ಬರೋದಿಲ್ಲ ಅಮ್ಮ" ಎಂದ.

"ಈಜು ಯಾರಿಗೆ ಬೇಕು?" ಎಂದೆ.