ಒಂದೇ ಮನೆಯ ಎರಡು ಅರ್ಜಿ

ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದುದು ಹಲೋ ಅಕ್ಕ ಎಂದು. ನೆಲಮಾಳಿಗೆಯ ಮೆಟ್ಟಿಲ ಪಕ್ಕದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಅಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತು, ಹೊರಗಿನಿಂದ ಬಂದ ಕರೆಗಳನ್ನು ವಾರ್ಡುಗಳಿಗೂ ಡಾಕ್ಟರುಗಳ ಕೋಣೆಗಳಿಗೂ ಜೋಡಿಸಿಕೊಡುವುದು ಆಕೆಯ ಕೆಲಸ. ಆಕೆಯ ಮುಖ ನೋಡಿದವರು ಕಡಿಮೆ, ದನಿ ಕೇಳದವರು ಊರಲ್ಲಿ ಇನ್ನೂ ಕಡಿಮೆ. ಅಳುತ್ತ ಫೋನು ಮಾಡಿದವರಿಗೆ "ಮೊದಲು ಉಸಿರು ತಗೊಳ್ಳಿ, ಆಮೇಲೆ ಯಾರು ಬೇಕು ಹೇಳಿ" ಎನ್ನುವಳು. ದಬಾಯಿಸುವವರಿಗೂ ಅದೇ ಮಾತು, ಅದೇ ದನಿ. ಪಾಪ, ಅವರಿಗೆ ಮುಂದೆ ದಬಾಯಿಸಲು ಏನೂ ಉಳಿಯುತ್ತಿರಲಿಲ್ಲ.

ಗಂಡ ತೀರಿಕೊಂಡಾಗ ಮಗಳು ಇನ್ನೂ ತೊದಲು ಮಾತಾಡುತ್ತಿದ್ದಳು. ಆಗ ಹಿಡಿದ ಕೆಲಸ ಇದು. ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದಳು ಎಂದರೆ ಸುಳ್ಳಾದೀತು. ಪಾಳಿಯ ಕೆಲಸದಲ್ಲಿ ಕಣ್ಣಿಡಲು ಬಿಡುವೆಲ್ಲಿ? ಮಗಳೇ ತನ್ನಷ್ಟಕ್ಕೆ ಬೆಳೆದಳು, ಚೆನ್ನಾಗಿ ಓದಿದಳು, ಕಾಲೇಜಿನಲ್ಲಿ ಇತಿಹಾಸ ಆರಿಸಿಕೊಂಡಳು.

ಬಿ.ಎ. ಮೊದಲ ವರ್ಷದಲ್ಲಿ ಅವಳಿಗೆ ಕಾಮಾಲೆಯಾಯಿತು. ಪರೀಕ್ಷೆ ತಲೆಯ ಮೇಲೆ ಬಂದಿತ್ತು, ಪುಸ್ತಕ ಹಿಡಿದರೆ ಅಕ್ಷರಗಳೆಲ್ಲ ಈಜಾಡುತ್ತಿದ್ದವು. ತಾಯಿ ಹಾಸಿಗೆಯ ಪಕ್ಕ ಕೂತು ಪಾಠಗಳನ್ನು ಗಟ್ಟಿಯಾಗಿ ಓದತೊಡಗಿದಳು. ಒಂದು ಮಧ್ಯಾಹ್ನ ಮಗಳು ನಿದ್ದೆಯಿಂದೆದ್ದು ನೋಡಿದರೆ ಓದು ನಡೆದೇ ಇತ್ತು.

"ಅಮ್ಮಾ, ನಾನು ಆಗಲೇ ಮಲಗಿಬಿಟ್ಟಿದ್ನಲ್ಲ, ನೀನು ಯಾರಿಗೆ ಓದ್ತಿದ್ದೀಯ?"

"ಸುಮ್ನಿರೇ, ಆ ಕೋಟೆ ಉಳೀತೋ ಬಿತ್ತೋ ನೋಡ್ಬೇಕು ನಾನು."

ಅಲ್ಲಿಂದ ಶುರುವಾಯಿತು ಆಕೆಯ ಹುಚ್ಚು. ಅಂಚೆ ಶಿಕ್ಷಣದಲ್ಲಿ ಬಿ.ಎ. ಕಟ್ಟಿದಳು, ಬಿಡದೆ ಇತಿಹಾಸದಲ್ಲೇ ಎಂ.ಎ.ಯನ್ನೂ ಮುಗಿಸಿದಳು. ಮಗಳೇ ಮೇಷ್ಟ್ರು. ತಪ್ಪು ಬರೆದರೆ "ಇವತ್ತು ಪಾತ್ರೆಯೆಲ್ಲ ನೀನೇ ತೊಳೀಬೇಕು" ಎಂದು ಶಿಕ್ಷೆ. ಅಡುಗೆಮನೆಯ ಸಣ್ಣ ಮೇಜಿನ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು, ನಡುವೆ ಒಂದೇ ದೀಪ. ಆ ವರ್ಷಗಳಲ್ಲಿ ಇಬ್ಬರೂ ತುಂಬ ನಕ್ಕರು.

ಮಗಳು ಎಂ.ಎ. ಮುಗಿಸಿ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಹಳೆಯ ಬಂದರುಗಳ ವ್ಯಾಪಾರದ ಮೇಲೆ ಪಿಎಚ್.ಡಿ. ಮಾಡಬೇಕೆಂಬುದು ಅವಳ ಬಹುದಿನದ ಆಸೆ. ಊರಿನ ವಿಶ್ವವಿದ್ಯಾಲಯವೂ ಸೇರಿ ಐದು ಕಡೆ ಅರ್ಜಿ ಹಾಕಿದಳು. ಕೊನೆಗೆ ಊರಿನದರ ಅರ್ಜಿ ತುಂಬುವಾಗ ತಾಯಿಯ ಕಡೆ ತಿರುಗಿ, "ನೀನೂ ಒಂದು ಹಾಕಮ್ಮ" ಎಂದಳು.

"ನನ್ನನ್ನ ನೋಡಿ ನಗ್ತಾರೆ ಕಣೇ."

"ನಗಲಿ ಬಿಡು. ನಾನೊಬ್ಬಳೇ ಕಾಯೋದಕ್ಕೆ ಬೇಜಾರು. ಜೊತೆಗಿರು."

ಮಗಳ ಜೊತೆಗಿರಲೆಂದೇ ಆಕೆ ಅರ್ಜಿ ಹಾಕಿದ್ದು. ಹಿಂದೆ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿಯುತ್ತಿದ್ದ ಹೆಂಗಸರ ಬಗ್ಗೆ ಏನೋ ನಾಲ್ಕು ಮಾತು ಗೀಚಿಟ್ಟಳು. ಅದನ್ನು ಕೂತು ತಿದ್ದಿ, ಹಿಂದುಮುಂದು ಮಾಡಿ, ಅಡಿಟಿಪ್ಪಣಿ ಸೇರಿಸಿ, ಸಂಶೋಧನೆಯ ಪ್ರಸ್ತಾವನೆಯಂತೆ ಕಾಣುವ ಹಾಗೆ ಮಾಡಿದವಳು ಮಗಳು. ತಾಯಿಗೆಂದು ಇ-ಮೇಲ್ ವಿಳಾಸ ತೆರೆದವಳೂ ಅವಳೇ. ಕೆಲಸದ ವೇಳೆಯಲ್ಲಿ ಮೊಬೈಲ್ ಇಟ್ಟುಕೊಳ್ಳುವ ಹಾಗಿರಲಿಲ್ಲವಾದ್ದರಿಂದ ಫೋನ್ ನಂಬರಿನ ಜಾಗದಲ್ಲಿ ಆಸ್ಪತ್ರೆಯ ನಂಬರು ಬರೆದಳು.

ಸಂದರ್ಶನಕ್ಕೆ ಇಬ್ಬರನ್ನೂ ಒಂದೇ ದಿನ ಕರೆದರು. ಕಾರಿಡಾರಿನ ಬೆಂಚಿನ ಮೇಲೆ ಅಕ್ಕಪಕ್ಕ ಕೂತರು. ತಾಯಿ ಒಳಗೆ ಹೋದಷ್ಟೇ ಬೇಗ ಹೊರಗೆ ಬಂದು, "ಏನೋ ಕೇಳಿದ್ರು, ಏನೋ ಒದರಿದೆ" ಎಂದಳು. ಮಗಳು ಬಹಳ ಹೊತ್ತು ಒಳಗಿದ್ದಳು. ಬಂದಾಗ ಅವಳ ಮುಖ ಕೆಂಪೇರಿತ್ತು, ಕಣ್ಣು ಹೊಳೆಯುತ್ತಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ತಾನು ಹೇಳಿದ ಒಂದೊಂದು ಉತ್ತರವನ್ನೂ ತಾಯಿಗೆ ಮತ್ತೆ ಹೇಳಿದಳು.

ಆಮೇಲೆ ಕಾಯುವುದು. ಕಾಯುವ ಮನೆಯಲ್ಲಿ ಅನ್ನಕ್ಕೂ ರುಚಿಯಿಲ್ಲ. ಮಗಳು ಊಟದ ತಟ್ಟೆಯ ಪಕ್ಕ ಫೋನು ಇಟ್ಟುಕೊಳ್ಳುವಳು. ಅದು ಸದ್ದು ಮಾಡಿದರೆ ತುತ್ತು ಅರ್ಧಕ್ಕೆ ನಿಲ್ಲುವುದು. ಯಾವುದೋ ಅಂಗಡಿಯ ಜಾಹೀರಾತು ಎಂದು ಗೊತ್ತಾದರೆ ಇಬ್ಬರಿಗೂ ಹೋದ ಜೀವ ಬಂದಂತಾಗುವುದು, ಬೆನ್ನಿಗೇ ಬೇಸರವೂ ಆಗುವುದು. ಮೊದಲ "ವಿಷಾದಿಸುತ್ತೇವೆ" ಬಂದಾಗ ಮಗಳು ಭುಜ ಹಾರಿಸಿದಳು. ಎರಡನೆಯದಕ್ಕೆ ಬೈದಳು. ಮೂರನೆಯದನ್ನು ತಾಯಿಗೆ ಹೇಳಲೇ ಇಲ್ಲ. ಸ್ನಾನದ ಮನೆಯಲ್ಲಿ ನೀರು ಸುಮ್ಮನೆ ಹರಿಯುತ್ತಿದ್ದುದು ಕೇಳಿ ತಾಯಿಗೇ ಗೊತ್ತಾಯಿತು. ನಾಲ್ಕನೆಯದೂ ಅದೇ ವಾರ ಬಂತು. ಉಳಿದದ್ದು ಊರಿನದೊಂದೇ.

"ಅಲ್ಲಿ ಆಗುತ್ತೆ ಅಮ್ಮ," ಎಂದಳು ಮಗಳು. "ಆವತ್ತು ಅವರ ಮುಖ ನೋಡಿದ್ನಲ್ಲ ನಾನು."

ಒಂದು ಬೆಳಿಗ್ಗೆ ಆಸ್ಪತ್ರೆಯ ಲೈನಿಗೆ ಒಂದು ಕರೆ ಬಂತು. ವಾಡಿಕೆಯಂತೆ ಆಕೆ "ನಮಸ್ಕಾರ, ಆಸ್ಪತ್ರೆ, ಹೇಳಿ" ಎಂದಳು. ಆ ಕಡೆಯ ಗಂಡಸು, ತಾನು ಇತಿಹಾಸ ವಿಭಾಗದ ಗುಮಾಸ್ತ, ನಿಮ್ಮಲ್ಲಿ ಪಿಎಚ್.ಡಿ.ಗೆ ಅರ್ಜಿ ಹಾಕಿದ ಫೋನ್ ಆಪರೇಟರ್ ಒಬ್ಬರಿದ್ದಾರಂತೆ, ಅವರಿಗೆ ಲೈನ್ ಕೊಡಿ ಎಂದ.

"ನಾನೇ, ಹೇಳಿ."

"ಹೌದಾ? ಅಭಿನಂದನೆಗಳು ಮೇಡಂ, ನಿಮ್ಮ ಆಯ್ಕೆ ಆಗಿದೆ. ಮೇಲ್ ಕಳಿಸಿ ಎರಡು ದಿನ ಆಯ್ತು, ಉತ್ತರ ಇಲ್ವಲ್ಲ ಅಂತ ಫೋನ್ ಮಾಡಿದೆ."

"ಇನ್ನೊಂದು ಹುಡುಗೀದು? ಬಂದರಿನ ವಿಷಯ..."

"ಈ ವರ್ಷ ಇದ್ದದ್ದು ಒಂದೇ ಸೀಟು ಮೇಡಂ. ಬೇರೆಯವರಿಗೆಲ್ಲ ಇವತ್ತು ಮೇಲ್ ಹೋಗುತ್ತೆ."

ಕರೆ ಮುಗಿಯಿತು. ಎದುರಿಗೆ ನಾಲ್ಕೈದು ದೀಪಗಳು ಒಟ್ಟಿಗೆ ಮಿನುಗುತ್ತಿದ್ದವು. ಯಾರಿಗೋ ಮಗು ಹುಟ್ಟಿತ್ತು, ಯಾರಿಗೋ ರಕ್ತ ಬೇಕಿತ್ತು. ಆಕೆ ಎಲ್ಲರನ್ನೂ ಅವರವರು ಕೇಳಿದಲ್ಲಿಗೆ ಜೋಡಿಸಿದಳು. ಮಧ್ಯೆ ಟೀ ತಂದುಕೊಟ್ಟ ನರ್ಸು, "ಏನ್ ಹಲೋ ಅಕ್ಕ, ಹೀಗೆ ಬೆವರ್ತಿದ್ದೀರಿ?" ಎಂದರೆ, "ಸೆಕೆ ಕಣಮ್ಮ" ಎಂದಳು.

ಮನೆಗೆ ಬಂದಾಗ ಮಗಳು ಗೋಡೆಗೆ ಮುಖಮಾಡಿ ಮಲಗಿದ್ದಳು. "ಇಲ್ಲವಂತೆ" ಎಂದಳು. ತಾಯಿ ತಲೆ ಸವರಿದಳು. ಸ್ವಲ್ಪ ಹೊತ್ತಿನ ಮೇಲೆ ಮಗಳೇ ಎದ್ದು ಕೂತು, ಅಳುತ್ತಳುತ್ತಲೇ ನಕ್ಕಳು. "ಹೋಗ್ಲಿ ಬಿಡು. ಇಬ್ರೂ ಒಟ್ಟಿಗೆ ಡುಮ್ಕಿ ಹೊಡೆದ್ವಿ. ನೀನಾದರೂ ಜೊತೆಗಿದ್ದೀಯಲ್ಲ."

ತಾಯಿ ಎದ್ದು ಹೋಗಿ ಅನ್ನಕ್ಕೆ ನೀರಿಟ್ಟಳು.

ಮರುದಿನ ರಜೆ ಹಾಕಿ ನೇರ ವಿಭಾಗಕ್ಕೆ ಹೋದಳು. ಮುಖ್ಯಸ್ಥೆ ನೆರೆಗೂದಲಿನ, ಮೆಲುಮಾತಿನ ಹೆಂಗಸು. ತನ್ನ ಸೀಟು ಮಗಳಿಗೆ ಕೊಟ್ಟುಬಿಡಿ ಎಂದು ಈಕೆ ಕೈಮುಗಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಮಗಳು ನಿಮಗಿಂತ ಚೆನ್ನಾಗಿ ಉತ್ತರ ಕೊಟ್ಟಳು ಅಮ್ಮಾ. ಅದನ್ನ ನಾನು ಮುಚ್ಚಿಡೋದಿಲ್ಲ. ಆದರೆ ಅವಳ ವಿಷಯಕ್ಕೆ ಗೈಡ್ ಆಗ್ಬೇಕಿದ್ದವರು ನಿವೃತ್ತರಾದ್ರು. ಉಳಿದದ್ದು ನನ್ನ ಹತ್ತಿರದ ಒಂದು ಸೀಟು. ನನ್ನದು ದುಡಿಯೋ ಹೆಂಗಸರ ಇತಿಹಾಸ. ನೀವು ಬಿಟ್ಟರೆ ಅದು ಇನ್ಯಾರಿಗೋ ಹೋಗುತ್ತೆ, ಅವಳಿಗಂತೂ ಹೋಗಲ್ಲ."

ಅಂದರೆ ತಾನು ಗೆದ್ದದ್ದೂ ಅಲ್ಲ, ಮಗಳು ಸೋತದ್ದೂ ಅಲ್ಲ. ಆಕೆ ಅದೇ ಕಾರಿಡಾರಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, ಎದ್ದು ಬಂದಳು. ದಾರಿಯಲ್ಲಿ ಹೇಗೆ ಹೇಳಲಿ ಎಂದು ಮಾತು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಬಾಗಿಲು ತೆರೆದಾಗ ಮಗಳು ಅಡುಗೆಮನೆಯ ಮೇಜಿನ ಮುಂದೆ ನಿಂತಿದ್ದಳು. ತಾಯಿಗೂ ನಿರಾಕರಣೆಯ ಮೇಲ್ ಬಂದಿರಬೇಕು, ತಾನೇ ಮೊದಲು ನೋಡಿ ಸಮಾಧಾನ ಹೇಳೋಣವೆಂದು ಅವಳು ತಾನೇ ಮಾಡಿಕೊಟ್ಟಿದ್ದ ಇ-ಮೇಲ್ ಖಾತೆ ತೆರೆದಿದ್ದಳು. ಅಲ್ಲಿದ್ದದ್ದು ಆಯ್ಕೆಯ ಪತ್ರ.

"ನಿನಗೆ ಗೊತ್ತಿತ್ತಾ?"

"ನಿನ್ನೆ ಗೊತ್ತಾಯ್ತು."

"ನಿನ್ನೆ ನಾನು ಒಟ್ಟಿಗೆ ಡುಮ್ಕಿ ಅಂದಾಗ ಗೊತ್ತಿತ್ತಾ?"

"ಗೊತ್ತಿತ್ತು. ಇವತ್ತು ಬಿಟ್ಕೊಡೋಕೆ ಹೋಗಿದ್ದೆ ಪುಟ್ಟಿ. ನಿನಗೇ ಕೊಡಿ ಅಂತ ಕೇಳ್ಕೊಂಡೆ."

ಆ ಮಾತನ್ನು ಆಡಬಾರದಿತ್ತು. ಮಗಳ ಮುಖ ಬಿಳುಚಿಕೊಂಡಿತು. "ನನಗೋಸ್ಕರ ಬೇಡಿಕೊಂಡೆಯಾ? ಅವರ ಮುಂದೆ? ನಾನು ಹೇಳಿದ ಉತ್ತರಕ್ಕೆಲ್ಲ ಇನ್ನು ಏನು ಬೆಲೆ ಉಳೀತು ಅಮ್ಮ?" ಕೂಗಲಿಲ್ಲ ಅವಳು. ಕೂಗಿದ್ದರೆ ಚೆನ್ನಾಗಿತ್ತು. "ನಾನೇ ತಿದ್ದಿದ್ನಲ್ಲ ಅದನ್ನ," ಎಂದು ತನಗೆ ತಾನೇ ಹೇಳಿಕೊಂಡು ಕೋಣೆಗೆ ಹೋಗಿ ಕದ ಹಾಕಿಕೊಂಡಳು.

ಒಂದೆರಡು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಗೈಡ್ ಇಲ್ಲದ್ದೇ ಕಾರಣವಂತೆ, ನಿನ್ನ ಉತ್ತರವೇ ಚೆನ್ನಾಗಿತ್ತಂತೆ ಎಂದು ತಾಯಿ ಹೇಳಿದ್ದನ್ನು ಮಗಳು ಕೇಳಿಯೂ ಕೇಳದಂತಿದ್ದಳು. ಸೇರಲು ಕೊಟ್ಟಿದ್ದ ಗಡುವು ಮುಗಿಯುವ ಬೆಳಿಗ್ಗೆ ಮಗಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು, "ನಡಿ, ಸೇರಿಸಿ ಬರ್ತೀನಿ" ಎಂದಳು. ತಾಯಿ ಬೇಡವೆಂದಳು. "ನೀನು ಸೇರದಿದ್ರೆ ಅದಕ್ಕೂ ನಾನೇ ಕಾರಣ ಆಗ್ತೀನಿ. ಅದನ್ನೂ ನನ್ನ ತಲೆಗೆ ಕಟ್ಟಬೇಡ." ಇಬ್ಬರೂ ಹೋದರು. ಗುಮಾಸ್ತನ ಎದುರು ಮಗಳೇ ಕಾಗದಗಳನ್ನು ಒಂದೊಂದಾಗಿ ಜೋಡಿಸಿಟ್ಟಳು. ಅವನು ನಕ್ಕು, "ಮಗಳು ಅಮ್ಮನ್ನ ಶಾಲೆಗೆ ಸೇರಿಸೋದು ಇದೇ ಮೊದಲು ನೋಡಿದ್ದು" ಎಂದ. ಮಗಳೂ ನಕ್ಕಳು. ತಾಯಿಗೆ ಮಾತ್ರ ಆ ನಗುವನ್ನು ನೋಡಲಾಗಲಿಲ್ಲ.

ತಿಂಗಳು ಕಳೆಯುವುದರೊಳಗೆ ಮಗಳು ಕಾಲೇಜು ಬಿಟ್ಟು, ದೂರದ ಊರಿನ ಒಂದು ವಸತಿಶಾಲೆಯಲ್ಲಿ ಕೆಲಸ ಹಿಡಿದು ಹೊರಟುಹೋದಳು. ಜಗಳವಾಡಿಕೊಂಡು ಹೋಗಲಿಲ್ಲ. ವಾರಕ್ಕೊಮ್ಮೆ ಫೋನು ಮಾಡುತ್ತಾಳೆ, ಮೊಣಕಾಲು ನೋವು ಹೇಗಿದೆ ಎನ್ನುತ್ತಾಳೆ, ಮಾತ್ರೆ ತಗೋ ಎನ್ನುತ್ತಾಳೆ. ಓದಿನ ಸುದ್ದಿ ಮಾತ್ರ ಎತ್ತುವುದಿಲ್ಲ. ತಾಯಿ ರಾತ್ರಿ ಪಾಳಿಗೆ ಬದಲಾಯಿಸಿಕೊಂಡು ಹಗಲು ವಿಭಾಗಕ್ಕೆ ಹೋಗುತ್ತಾಳೆ. ಎಕ್ಸ್‌ಚೇಂಜಿನ ಮುದುಕಿಯರನ್ನು ಹುಡುಕಿ ಮಾತಾಡಿಸುತ್ತಾಳೆ. ಎಂಥೆಂಥ ಕತೆಗಳು! ಕೇಳುವಾಗಲೆಲ್ಲ ಇದನ್ನು ಅವಳಿಗೆ ಹೇಳಬೇಕು ಎನಿಸುತ್ತದೆ. ಬೇರೆ ಯಾರಿಗೆ ಹೇಳಿದರೂ ಹೇಳಿದಂತಾಗುವುದಿಲ್ಲ.

ವರ್ಷದ ಕೊನೆಯ ರಜೆಗೆ ಮಗಳು ಬಂದಳು. ಅವಳು ಬರುವ ಮೊದಲು ತಾಯಿ ಪುಸ್ತಕಗಳನ್ನೆಲ್ಲ ಮಂಚದ ಕೆಳಗೆ ತಳ್ಳಿದ್ದಳು. ಕಸ ಗುಡಿಸುವಾಗ ಮಗಳ ಪೊರಕೆಗೆ ಅವು ಸಿಕ್ಕವು. ಒರೆಸಿ ಮೇಲಿಟ್ಟು, "ಬಚ್ಚಿಡಬೇಡಮ್ಮ, ಹಾಗೆ ಮಾಡಿದ್ರೇ ಇನ್ನೂ ನೋವಾಗೋದು" ಎಂದಳು.

"ಅರ್ಜಿ ಕರೆದಿದ್ದಾರೆ ಕಣೇ. ಈ ಸಲ ನಿನ್ನ ವಿಷಯಕ್ಕೆ ಹೊಸ ಗೈಡ್ ಬಂದಿದ್ದಾರೆ. ಹಾಕ್ತೀಯಾ?"

ಮಗಳು ಪೊರಕೆಯನ್ನು ಮೂಲೆಗೆ ಒರಗಿಸಿದಳು. "ಇಲ್ಲಮ್ಮ. ಮಕ್ಕಳಿಗೆ ಪಾಠ ಮಾಡ್ತೀನಿ, ನಿದ್ದೆ ಬರುತ್ತೆ. ಮತ್ತೆ ಹಾಗೆ ಕಾಯೋದು ನನ್ನ ಕೈಲಿ ಆಗಲ್ಲ."

ತಾಯಿ ಒತ್ತಾಯ ಮಾಡಲಿಲ್ಲ. ಸಂಜೆಯ ಬಸ್ಸಿಗೆ ಮಗಳನ್ನು ಹತ್ತಿಸಿ, ಕಿಟಕಿಯ ಸರಳಿನ ಮೇಲಿದ್ದ ಅವಳ ಕೈಯನ್ನು ಬಸ್ಸು ಹೊರಡುವವರೆಗೆ ಹಿಡಿದುಕೊಂಡು ನಿಂತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಆಸ್ಪತ್ರೆಯ ಕಡೆ ನಡೆದಳು. ಪಾಳಿಗೆ ಹೊತ್ತಾಗುತ್ತಿತ್ತು.